ಫಿಲ್ಮಿಲ್ಲದ ಕಾಲದ ಚಿತ್ರಪಾಠ

ಕಲೆಗಳಲ್ಲಿ ಕೆಲವಕ್ಕೆ ಬೇಕಾಗುವ ಸಾಮಗ್ರಿಯು ಅಲ್ಪವೆಚ್ಚದ್ದು. ಕವಿಗೆ ಲೇಖನಿಯೂ ಕಾಗದವೂ ಸಾಕು. ಗಾಯಕನಿಗೆ ಕಂಠವೊಂದಿದ್ದರೆ ಅಭ್ಯಾಸವು ನಡೆಯುವುದು. ಅಂಗಳದಲ್ಲಿ ರಂಗವಲ್ಲಿಯನ್ನು ಕಲಿಯುವ ಬಾಲಿಕೆಯು ತಪ್ಪಿದ ಎಳೆಯನ್ನು ಅಂಗೈಯಿಂದ ಒರಸಿ ಮತ್ತೆ ಎಳೆಯುವಳು. ಚಲಚ್ಚಿತ್ರದ ವಿದ್ಯಾರ್ಥಿಗೆ ಈ ಸೌಕರ್ಯವು ಬಹುಕಾಲ ಇರಲಿಲ್ಲ. ಬೆಳಕು ಒಮ್ಮೆ ತಾಗಿದ ಫಿಲ್ಮು ಮತ್ತೆ ಬರಿದಾಗದು. 35 ಮಿಲಿಮೀಟರು ಅಗಲದ ಫಿಲ್ಮಿನ ಒಂದು ಅಡಿಯಲ್ಲಿ 16 ಚಿತ್ರಗಳಿರುವುವು. ವಾಕ್ಚಿತ್ರದಲ್ಲಿ ಸೆಕೆಂಡಿಗೆ 24 ಚಿತ್ರಗಳು ಓಡುವುದರಿಂದ ನಿಮಿಷವೊಂದಕ್ಕೆ 90 ಅಡಿ ಬೇಕು. 1000 ಅಡಿಯ ಸುರುಳಿಯು ಸುಮಾರು 11 ನಿಮಿಷಗಳಲ್ಲಿ ಮುಗಿದುಹೋಗುವುದು. ನಟನು ಮಾತು ಮರೆತು ನಿಂತರೂ, ನಿರ್ದೇಶಕನಿಗೆ ತನಗೇನು ಬೇಕೆಂಬುದೇ ತೋಚದಿದ್ದರೂ, ಓಡಿದ ಅಡಿಗಳು ಓಡಿದುವೇ. ಅವನ್ನು ಹಿಂದಕ್ಕೆ ಪಡೆಯುವ ಉಪಾಯವಿಲ್ಲ.

ಆದುದರಿಂದ ಈ ಕಲೆಯಲ್ಲಿ ಪೂರ್ವಯೋಜನೆಯದೇ ಒಂದು ಶಾಸ್ತ್ರವು ಬೆಳೆದಿದೆ. ಕ್ಯಾಮರಾವು ಓಡತೊಡಗಿ ನಿಲ್ಲುವವರೆಗೆ ದೊರೆಯುವ ಅಖಂಡವಾದ ಭಾಗಕ್ಕೆ ಷಾಟ್ ಎಂದು ರೂಢಿಯ ಹೆಸರು. ಕನ್ನಡದ ಚಿತ್ರವಿಮರ್ಶಕರು ಅದನ್ನು ಚಿತ್ರಿಕೆಯೆಂದು ಕರೆದಿದ್ದಾರೆ. ಒಂದು ಪ್ರಸಂಗವನ್ನು ಎಷ್ಟು ಚಿತ್ರಿಕೆಗಳಾಗಿ ಒಡೆಯಬೇಕು. ಪ್ರತಿಯೊಂದರಲ್ಲಿಯೂ ಕ್ಯಾಮರಾ ಎಲ್ಲಿ, ಎಷ್ಟು ಎತ್ತರದಲ್ಲಿ, ಎಷ್ಟು ದೂರದಲ್ಲಿ ನಿಲ್ಲಬೇಕು. ಅದು ನಿಶ್ಚಲವಾಗಿರಬೇಕೋ ಚಲಿಸಬೇಕೋ. ಪಾತ್ರಧಾರಿಯು ಯಾವ ಕಡೆಯಿಂದ ಬಂದು ಯಾವ ಕಡೆಗೆ ಹೋಗಬೇಕು—ಇವನ್ನೆಲ್ಲ ಮುಂಗಡವಾಗಿ ಕಾಗದದ ಮೇಲೆ ನಿಶ್ಚಯಿಸಿಕೊಳ್ಳುವುದೇ ಆ ಶಾಸ್ತ್ರದ ವಿಷಯ. ವ್ಯಾಪಾರದ ಚಿತ್ರಾಲಯಗಳಲ್ಲಿ ವೆಚ್ಚವನ್ನು ಹಿಡಿತದಲ್ಲಿಡುವುದಕ್ಕಾಗಿ ಚಿತ್ರಿಕೆಗಳ ಪಟ್ಟಿ ಬರೆಯುವ ಪದ್ಧತಿಯು ಅಮೆರಿಕದಲ್ಲಿ ಮೊದಲೇ ಬಳಕೆಗೆ ಬಂದಿದ್ದಿತು. ಆದರೆ ಅದು ಲೆಕ್ಕಿಗನ ಪಟ್ಟಿ. ಅದನ್ನು ವಿಚಾರಮಾಡುವ ವಿದ್ಯೆಯನ್ನಾಗಿ ವಿದ್ಯಾರ್ಥಿಗಳಿಗೆ ಕಲಿಸಿದ ಶಾಲೆಗಳಲ್ಲಿ ಮೊದಲ ಸಾಲಿನದು ಹುಟ್ಟಿದ್ದು ಮಾಸ್ಕೋ ನಗರದಲ್ಲಿ, ಅದೂ ಫಿಲ್ಮಿನ ಘೋರವಾದ ಬರಗಾಲದಲ್ಲಿ.

1917ರ ಕ್ರಾಂತಿಯ ತರುವಾಯ ರಷ್ಯಾದಲ್ಲಿ ಅಂತರ್ಯುದ್ಧವು ಹತ್ತಿಕೊಂಡಿತು. ಆ ದೇಶವು ಕಚ್ಚಾ ಫಿಲ್ಮಿಗಾಗಿ ಪರದೇಶಗಳನ್ನೇ ನೆಚ್ಚಿಕೊಂಡಿದ್ದಿತು. ಹೊರಗಿನ ವ್ಯಾಪಾರವು ನಿಂತೊಡನೆ ಒರತೆಯೇ ಬತ್ತಿದಂತಾಯಿತು. ಚಿತ್ರಾಲಯಗಳ ಒಡೆಯರಲ್ಲಿ ಅನೇಕರು ತಮ್ಮ ನಟರನ್ನೂ ಯಂತ್ರಗಳನ್ನೂ ಕಟ್ಟಿಕೊಂಡು ದಕ್ಷಿಣಕ್ಕೆ ಕ್ರಿಮಿಯಾದ ಕಡೆಗೂ, ಅಲ್ಲಿಂದ ಹೊರದೇಶಗಳಿಗೂ ತೆರಳಿದರು. 1919ನೆಯ ಇಸವಿ ಆಗಸ್ಟ್ 27ರಂದು ಹೊಸ ಸರಕಾರವು ಚಲಚ್ಚಿತ್ರೋದ್ಯಮವನ್ನು ರಾಷ್ಟ್ರದ ವಶಕ್ಕೆ ತೆಗೆದುಕೊಂಡಿತು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ವ್ಲಾದಿಮಿರ್ ಗಾರ್ದಿನ್ ಎಂಬ ನಿರ್ದೇಶಕನ ನೇತೃತ್ವದಲ್ಲಿ ಮಾಸ್ಕೋದಲ್ಲಿ ಸರಕಾರಿ ಚಲಚ್ಚಿತ್ರ ವಿದ್ಯಾಶಾಲೆಯೊಂದು ಸ್ಥಾಪಿತವಾಯಿತು. ಶಾಲೆಯಿದ್ದಿತು, ಗುರುಗಳಿದ್ದರು, ಕಲಿಯಬೇಕೆಂಬ ತರುಣರೂ ಇದ್ದರು. ಇಲ್ಲದಿದ್ದುದು ಫಿಲ್ಮು ಮಾತ್ರ. ಅನ್ನಕ್ಕೂ ಸೌದೆಗೂ ಪರದಾಡುವ ಊರಿನಲ್ಲಿ ವಿದ್ಯಾರ್ಥಿಗಳ ಅಭ್ಯಾಸಕ್ಕೆಂದು ಫಿಲ್ಮಿನ ಸುರುಳಿಗಳನ್ನು ಕೊಡುವವರಾರು?

ಆ ಶಾಲೆಗೆ ಬೋಧಕನಾಗಿ ಬಂದವನು ಲೆವ್ ಕುಲೆಷೋವ್. ಅವನು ಜನಿಸಿದ್ದು 1899ರಲ್ಲಿ. ಹದಿಹರೆಯ ಕಳೆಯುವುದರೊಳಗಾಗಿಯೇ ಯೆವ್ಗೆನಿ ಬೌಯರ್ ಎಂಬ ಪ್ರಸಿದ್ಧ ನಿರ್ದೇಶಕನ ಬಳಿ ದೃಶ್ಯಸಜ್ಜಿಕೆಯ ಕೆಲಸ ಮಾಡಿ ಚಿತ್ರಾಲಯದ ಒಳಹೊರಗನ್ನು ಬಲ್ಲವನಾಗಿದ್ದನು. ಗುರುವಿನ ವಯಸ್ಸು ಶಿಷ್ಯರ ವಯಸ್ಸಿಗಿಂತ ಹೆಚ್ಚೇನೂ ಇರಲಿಲ್ಲ. ಅವನ ಬಳಿಗೆ ಬಂದ ಪುದೋವ್ಕಿನ್ ಅವನಿಗಿಂತ ಹಿರಿಯನೇ. ಬೋರಿಸ್ ಬಾರ್ನೆತ್, ವ್ಲಾದಿಮಿರ್ ಫೋಗೆಲ್, ಅಲೆಕ್ಸಾಂದ್ರಾ ಖೋಖ್ಲೋವಾ, ಲಿಯೊನೀದ್ ಒಬೊಲೆನ್ಸ್ಕಿ ಮೊದಲಾದವರು ಆ ಗುಂಪಿನಲ್ಲಿ ಸೇರಿದರು. ಮುಂದೆ ಇವರಲ್ಲಿ ಪ್ರತಿಯೊಬ್ಬರೂ ರಷ್ಯದ ಚಲಚ್ಚಿತ್ರದ ಇತಿಹಾಸದಲ್ಲಿ ತಮ್ಮ ಹೆಸರನ್ನು ಉಳಿಸಿದವರೇ.

ಫಿಲ್ಮಿಲ್ಲದೆ ಚಿತ್ರವಿದ್ಯೆಯನ್ನು ಕಲಿಸುವುದೆಂತು? ಕುಲೆಷೋವನು ಕಂಡುಕೊಂಡ ಉತ್ತರವು ಸರಳವಾದುದು. ಫಿಲ್ಮಿಲ್ಲದೆಯೇ ಚಿತ್ರಗಳನ್ನು ರಚಿಸಿರಿ ಎಂದನು. ಕಥೆಯೊಂದನ್ನು ಆರಿಸಿ ವಿದ್ಯಾರ್ಥಿಗಳು ಅದನ್ನು ಚಿತ್ರಿಕೆಗಳಾಗಿ ಒಡೆಯುವರು. ಪ್ರತಿ ಚಿತ್ರಿಕೆಯಲ್ಲಿ ಕಾಣಬೇಕಾದುದನ್ನು ಮಾತ್ರ ಒಂದು ಕಿರಿದಾದ ವೇದಿಕೆಯಲ್ಲಿ ಅಭಿನಯಿಸುವರು. ಒಂದು ತುಣುಕು ಮುಗಿದೊಡನೆ ಮುಂದಿನದು ಕ್ಷಣವೂ ತಡೆಯದೆ ಮೊದಲಾಗುವುದು. ಯಕ್ಷಗಾನದಲ್ಲಿ ತೆರೆಯ ಮೇಲೆ ಮೊದಲು ಕಿರೀಟವನ್ನೂ ಅನಂತರ ಮುಖವನ್ನೂ ತೋರಿಸಿ ಪಾತ್ರವನ್ನು ಬಿಡಿಬಿಡಿಯಾಗಿ ಪ್ರಕಟಿಸುವ ಕ್ರಮವನ್ನು ಬಲ್ಲ ಕನ್ನಡಿಗರಿಗೆ ಈ ಉಪಾಯವು ತೀರ ಅಪರಿಚಿತವೆಂದು ತೋರಲಾರದು. ನಾಟಕದಲ್ಲಿ ಪ್ರೇಕ್ಷಕನ ಕಣ್ಣು ಇಡೀ ರಂಗದ ಮೇಲೆ ಸ್ವೇಚ್ಛೆಯಾಗಿ ಓಡಾಡುವುದು; ಇಲ್ಲಿ ಕಣ್ಣನ್ನು ಎಲ್ಲಿ ನಿಲ್ಲಿಸಬೇಕೆಂಬುದನ್ನು ವಿದ್ಯಾರ್ಥಿಯೇ ನಿರ್ಧರಿಸಬೇಕು. ಈಗ ಕೈಯೊಂದೇ ಸಾಕೆ, ಮುಖವೂ ಬೇಕೆ? ಬಾಗಿಲು ತೆರೆಯುವುದು ಕಾಣಬೇಕೆ, ಅಥವಾ ಅದನ್ನು ಕೇಳಿ ಬೆಚ್ಚಿದವನ ಮುಖವು ಕಾಣಬೇಕೆ? ಇಂತಹ ನೂರು ಪ್ರಶ್ನೆಗಳಿಗೆ ಫಿಲ್ಮಿನ ಒಂದು ಅಂಗುಲವೂ ವ್ಯಯವಾಗದಂತೆ ಅವರು ಉತ್ತರ ಹುಡುಕಿದರು.

ಚಲನೆಯ ವಿಷಯದಲ್ಲಿಯೂ ಕುಲೆಷೋವನ ಪಾಠವು ಅಷ್ಟೇ ಕಟ್ಟುನಿಟ್ಟಾಗಿದ್ದಿತು. ಪರದೆಯು ಚಪ್ಪಟೆಯಾದ ಆಯತ. ಚಿತ್ರಿಕೆಯೊಂದು ಅದರ ಮೇಲೆ ನಿಲ್ಲುವುದು ಕೆಲವೇ ಕ್ಷಣ. ಅಷ್ಟರಲ್ಲಿ ಪ್ರೇಕ್ಷಕನು ಅದನ್ನು ಅಕ್ಷರವನ್ನು ಓದುವಂತೆ ಓದಿಕೊಳ್ಳಬೇಕು. ಆದುದರಿಂದ ಚೌಕಟ್ಟಿನೊಳಗಿನ ಅವಕಾಶವನ್ನು ಅಡ್ಡಗೆರೆ ಉದ್ದಗೆರೆಗಳ ಬಲೆಯೊಂದರಿಂದ ವಿಭಾಗಿಸಿಕೊಂಡು, ನಟನ ಕೈಕಾಲುಗಳ ಚಲನೆಯು ಆ ಗೆರೆಗಳನ್ನೂ ಅವುಗಳ ಕರ್ಣಗಳನ್ನೂ ಅನುಸರಿಸಿ ಸಾಗುವಂತೆ ಅವನು ಅಭ್ಯಾಸ ಮಾಡಿಸಿದನು. ಚುಕ್ಕಿಗಳನ್ನಿಡದೆ ರಂಗವಲ್ಲಿಯ ಎಳೆ ನಿಲ್ಲದು. ಎಳೆ ಬಿದ್ದ ಮೇಲೆ ಚುಕ್ಕಿಗಳು ಕಣ್ಣಿಗೆ ತೋರವು. ಕುಲೆಷೋವನ ಬಲೆಯೂ ಅಂತಹುದೇ. ನೋಡುವವನಿಗೆ ಅದು ಕಾಣುವುದಿಲ್ಲ. ಆದರೆ ಅದಿಲ್ಲದಿದ್ದರೆ ನೋಟವು ಚದರಿಹೋಗುವುದು.

ಕೈಗೆ ಸ್ವಲ್ಪ ಫಿಲ್ಮು ದೊರೆತಾಗ ಈ ಗುಂಪು ನಡೆಸಿದ ಪ್ರಯೋಗಗಳಲ್ಲಿ ಒಂದು ಜಗತ್ಪ್ರಸಿದ್ಧವಾಗಿದೆ. ಖೋಖ್ಲೋವಾ ಮಾಸ್ಕೋದ ಒಂದು ಬೀದಿಯಲ್ಲಿ ನಡೆದುಬರುವಳು. ಒಬೊಲೆನ್ಸ್ಕಿ ದೂರದ ಮತ್ತೊಂದು ಬೀದಿಯಲ್ಲಿ ನಡೆದುಬರುವನು. ಅವರು ಭೇಟಿಯಾಗುವುದು ಮೂರನೆಯ ಸ್ಥಳದಲ್ಲಿ. ಇಬ್ಬರೂ ಒಂದು ಕಡೆಗೆ ದೃಷ್ಟಿ ಹಾಯಿಸುವರು. ಆಗ ಪರದೆಯ ಮೇಲೆ ತೋರುವುದು ಅಮೆರಿಕದ ಚಿತ್ರವೊಂದರಿಂದ ಕತ್ತರಿಸಿಕೊಂಡ ವಾಷಿಂಗ್ಟನ್ನಿನ ಶ್ವೇತಭವನ. ಬಳಿಕ ಅವರು ಮೆಟ್ಟಿಲುಗಳನ್ನೇರುವರು. ಆ ಮೆಟ್ಟಿಲುಗಳಾದರೋ ಮಾಸ್ಕೋದ ದೇವಾಲಯವೊಂದರವು. ನೋಡಿದವರಿಗೆ ಎಲ್ಲವೂ ಒಂದೇ ಊರು, ಒಂದೇ ನಡಿಗೆ. ಈ ಭ್ರಮೆಯು ಹುಟ್ಟಬೇಕಾದರೆ ಒಂದೇ ನಿಬಂಧನೆ: ಎಡದಿಂದ ಬಂದವನು ಮುಂದಿನ ಚಿತ್ರಿಕೆಯಲ್ಲಿಯೂ ಎಡದಿಂದಲೇ ಬರಬೇಕು, ನೋಡಿದ ದಿಕ್ಕಿಗೂ ಕಂಡ ವಸ್ತುವಿಗೂ ಹೊಂದಿಕೆಯಿರಬೇಕು. ಅಂದರೆ ಭೂಗೋಳದಲ್ಲಿ ಇಲ್ಲದ ಊರೊಂದನ್ನು ಕಟ್ಟಿದ್ದು ಯೋಜನೆಯೇ ಹೊರತು ಕ್ಯಾಮರಾವಲ್ಲ.

ಈ ಶಿಕ್ಷಣದ ಫಲವು 1924ರಲ್ಲಿ ಹೊರಬಂದಿತು. ಬೋಲ್ಷೆವಿಕರ ನಾಡಿನಲ್ಲಿ ಅಮೆರಿಕದ ಗೃಹಸ್ಥನೊಬ್ಬನು ಪಟ್ಟ ಪಾಡನ್ನು ಹಾಸ್ಯವಾಗಿ ಹೇಳುವ, ಮಿಸ್ಟರ್ ವೆಸ್ಟನ ಸಾಹಸಗಳ ಚಿತ್ರವನ್ನು ಗುರುಶಿಷ್ಯರು ಸೇರಿ ರಚಿಸಿದರು. ವೇದಿಕೆಯ ಮೇಲೆ ವರ್ಷಗಟ್ಟಲೆ ಪಳಗಿದವರಾದುದರಿಂದ ಕ್ಯಾಮರಾದ ಮುಂದೆ ಅವರಿಗೆ ತಡಕಾಟವಿರಲಿಲ್ಲ. ಎರಡು ವರ್ಷಗಳ ಮೇಲೆ ಬಂದ, ಶಾಸನದ ಪ್ರಕಾರ ಎಂಬರ್ಥದ ಹೆಸರಿನ ಚಿತ್ರವು ಇನ್ನೂ ಹೆಚ್ಚಿನ ನಿದರ್ಶನ. ಜಾಕ್ ಲಂಡನ್ನನ ಸಣ್ಣಕಥೆಯೊಂದನ್ನು ಆಧರಿಸಿದ ಅದರಲ್ಲಿ ಕಥೆಯ ಬಹುಭಾಗವು ಹಿಮಪ್ರದೇಶದ ಒಂದು ಮರದ ಮನೆಯೊಳಗೆ, ಒಬ್ಬ ಕೊಲೆಗಾರ ಮತ್ತು ಅವನನ್ನು ಕಟ್ಟಿಹಾಕಿ ಕಾಯುವ ದಂಪತಿಗಳು ಎಂಬ ಮೂವರ ನಡುವೆ ನಡೆಯುವುದು. ಅತ್ಯಲ್ಪ ವೆಚ್ಚದಲ್ಲಿ ಮುಗಿದ ಆ ಚಿತ್ರದಲ್ಲಿ ಗೋಡೆ ನಾಲ್ಕೇ ಆದರೂ ನೋಟಗಳು ಸವೆಯುವುದಿಲ್ಲ. ಹಾಸಿಗೆಯಿದ್ದಷ್ಟು ಕಾಲು ಚಾಚುವುದು ಜಾಣತನವೆಂಬುದು ಗಾದೆ. ಇಕ್ಕಟ್ಟಾದ ಹಾಸಿಗೆಯಲ್ಲಿ ಮಲಗುವುದನ್ನೇ ಒಂದು ಕಲೆಯನ್ನಾಗಿ ಮಾಡಿದ್ದು ಈ ಗುಂಪಿನ ಹಿರಿಮೆ.

ಇದೇ ಕಾಲದಲ್ಲಿ ಜರ್ಮನಿಯಲ್ಲಿ ಬೇರೊಂದು ಬಗೆಯ ಸಾಧನೆಯು ನಡೆದಿದ್ದಿತು. 1924ರಲ್ಲಿ ಮುರ್ನಾವು ಎಂಬ ನಿರ್ದೇಶಕನು ಹೋಟೆಲೊಂದರ ಮುದಿ ದ್ವಾರಪಾಲಕನ ಅವಮಾನದ ಕಥೆಯನ್ನು ಚಿತ್ರಿಸಿದಾಗ, ಛಾಯಾಗ್ರಾಹಕನಾದ ಕಾರ್ಲ್ ಫ್ರಾಯಿಂಡನು ಕ್ಯಾಮರಾವನ್ನು ಅದರ ಮುಕ್ಕಾಲಿಯಿಂದ ಬಿಡಿಸಿ ಎದೆಗೆ ಕಟ್ಟಿಕೊಂಡು ನಡೆದನು. ಚಿತ್ರದ ಆರಂಭದಲ್ಲಿಯೇ ಕ್ಯಾಮರಾವು ಲಿಫ್ಟಿನಲ್ಲಿ ಇಳಿದು, ಹಜಾರವನ್ನು ದಾಟಿ, ತಿರುಗುವ ಬಾಗಿಲಿನ ಬಳಿಗೆ ಸಾಗುವುದು. ಇಂದಿನ ವಿದ್ಯಾರ್ಥಿಯು ಟ್ರಾಲಿಯೆಂದೂ ಪ್ಯಾನ್ ಎಂದೂ ಹೇಳುವ ಚಲನೆಗಳಿಗೆ ಅಂದಿನಿಂದ ಹೊಸ ಗೌರವ ಬಂದಿತು. ಆದರೆ ಸ್ವಾತಂತ್ರ್ಯದೊಡನೆ ಒಂದು ಪ್ರಶ್ನೆಯೂ ಹುಟ್ಟಿತು. ಕ್ಯಾಮರಾ ಚಲಿಸಬಲ್ಲುದು ನಿಜ, ಎಂದು ಚಲಿಸಬೇಕು? ಪಾತ್ರವು ಕ್ಯಾಮರಾದ ಬಳಿಗೆ ಬರುವುದಕ್ಕೂ ಕ್ಯಾಮರಾವು ಪಾತ್ರದ ಬಳಿಗೆ ಹೋಗುವುದಕ್ಕೂ ಅರ್ಥದಲ್ಲಿ ಭೇದವಿಲ್ಲವೆ?

ಈ ಬಗೆಯ ಪ್ರಶ್ನೆಗಳನ್ನು ಹಿಡಿದು ತರಗತಿಯಲ್ಲಿ ಮೂಲದವರೆಗೆ ಅಗೆದವನು ಸೆರ್ಗೈ ಐಸೆನ್‌ಸ್ಟೈನ್. ಯಂತ್ರಶಿಲ್ಪದ ವಿದ್ಯಾರ್ಥಿಯಾಗಿದ್ದು, ರಂಗಭೂಮಿಗೆ ಬಂದು, ಕುಲೆಷೋವನ ಬಳಿಯೂ ಕೆಲವು ತಿಂಗಳು ಅಭ್ಯಾಸ ಮಾಡಿದ ಇವನು 1925ರ ಬ್ಯಾಟಲ್‌ಷಿಪ್ ಪೊಟೆಮ್ಕಿನ್ ಚಿತ್ರದಿಂದ ಲೋಕವಿಖ್ಯಾತನಾದನು. ಆದರೆ ಮುಂದಿನ ದಶಕವು ಅವನಿಗೆ ಸುಖದಾಯಕವಾಗಲಿಲ್ಲ. ಹಾಲಿವುಡ್ಡಿನಲ್ಲಿ ಅವನ ಯೋಜನೆಗಳು ತಿರಸ್ಕೃತವಾದುವು. ಮೆಕ್ಸಿಕೋದಲ್ಲಿ ತೆಗೆದ ಚಿತ್ರವು ಅಪೂರ್ಣವಾಗಿ ಅವನ ಕೈತಪ್ಪಿತು. 1932ರಲ್ಲಿ ಸ್ವದೇಶಕ್ಕೆ ಮರಳಿದ ಮೇಲೆ ಆರಂಭಿಸಿದ ಬೆಝಿನ್ ಮೆಡೋ ಎಂಬ ಚಿತ್ರವನ್ನು ಅಧಿಕಾರಿಗಳು 1937ರಲ್ಲಿ ನಿಲ್ಲಿಸಿಬಿಟ್ಟರು. ಹೀಗೆ ಚಿತ್ರವಿಲ್ಲದೆ ಕಳೆದ ವರ್ಷಗಳಲ್ಲಿ ಅವನು ಮಾಸ್ಕೋದ ಅದೇ ವಿದ್ಯಾಶಾಲೆಯಲ್ಲಿ ನಿರ್ದೇಶನದ ಪಾಠ ಹೇಳಿದನು. ಮೊದಲು ಫಿಲ್ಮಿಲ್ಲದಿದ್ದುದು ಶಿಷ್ಯರಿಗೆ; ಈಗ ಇಲ್ಲದಾದುದು ಗುರುವಿಗೇ.

ಆ ಪಾಠಗಳನ್ನು ವ್ಲಾದಿಮಿರ್ ನಿಝ್ನಿ ಎಂಬ ಶಿಷ್ಯನು ಬರೆದಿಟ್ಟುದರಿಂದ ಅವು ಲೋಕಕ್ಕೆ ಉಳಿದುವು. ಅವುಗಳಲ್ಲಿ ಒಂದು ಹೈಟಿ ದ್ವೀಪದ ವೀರನಾದ ದೆಸಾಲಿನನ ಪ್ರಸಂಗ. ಗುಲಾಮಗಿರಿಯನ್ನು ಕಿತ್ತೊಗೆದ ಆ ದ್ವೀಪದ ಹೋರಾಟದಲ್ಲಿ ತೂಸಾಂನು 1802ರಲ್ಲಿ ಫ್ರೆಂಚರ ಸೆರೆಗೆ ಸಿಕ್ಕಿದ ಮೇಲೆ, ಅವನ ಸೇನಾನಿಯಾದ ದೆಸಾಲಿನನನ್ನೂ ಔತಣದ ನೆಪದಿಂದ ಕರೆದು ಹಿಡಿಯಲು ಹೂಡಿದ ಸಂಚು ಇದು. ಮನೆಯ ಸೇವಕಿಯೊಬ್ಬಳು ಬಾಯಿಬಿಟ್ಟು ಹೇಳಲಾಗದೆ ಸನ್ನೆಯಿಂದ ಅವನನ್ನು ಎಚ್ಚರಿಸುವಳು. ಅವನು ಬಲೆಯನ್ನು ಹರಿದುಕೊಂಡು ಪಾರಾಗುವನು. 1804ರ ಜನವರಿ 1ರಂದು ಹೈಟಿಯ ಸ್ವಾತಂತ್ರ್ಯವನ್ನು ಘೋಷಿಸಿದವನು ಅವನೇ.

ವಿದ್ಯಾರ್ಥಿಗಳಾದವರು ಇಂತಹ ರೋಮಾಂಚಕವಾದ ಕಥೆ ಕೈಗೆ ಬಂದೊಡನೆ ಕ್ಯಾಮರಾದ ಮಾತನ್ನೇ ಮೊದಲು ಎತ್ತುವುದು ಸಹಜ: ಇಲ್ಲಿ ಸಮೀಪಚಿತ್ರ, ಅಲ್ಲಿ ದೂರಚಿತ್ರ ಎಂದು. ಐಸೆನ್‌ಸ್ಟೈನನ ಕ್ರಮವು ಇದಕ್ಕೆ ವಿರುದ್ಧವಾದುದು. ಮೊದಲು ಕೇಳಬೇಕಾದುದು, ಈ ಪ್ರಸಂಗವು ಏನನ್ನು ಹೇಳುತ್ತದೆ ಎಂಬುದು. ಅನಂತರ, ಅದನ್ನು ಹೇಳುವುದಕ್ಕೆ ಕೊಠಡಿಯು ಹೇಗಿರಬೇಕು ಎಂಬುದು. ಅತಿಥಿಯು ಪ್ರವೇಶಿಸುವ ಬಾಗಿಲು ಎಲ್ಲಿ? ಊಟದ ಮೇಜು ಎಲ್ಲಿ? ಸಂಚುಗಾರರು ಎಲ್ಲಿ ನಿಲ್ಲುವರು, ಯಾವ ಕ್ರಮದಲ್ಲಿ ಅವನನ್ನು ಸುತ್ತುವರಿಯುವರು? ಸೇವಕಿಯು ಅವನ ಕಣ್ಣಿಗೆ ಬೀಳಬೇಕು, ಉಳಿದವರ ಕಣ್ಣಿಗೆ ಬೀಳಬಾರದು. ಹಾಗಾದರೆ ಅವಳು ಬರುವ ದಾರಿ ಯಾವುದು? ಸತ್ಯವನ್ನರಿತ ಕ್ಷಣದಿಂದ ಅವನ ನಡೆ ಹೇಗೆ ಬದಲಾಗುವುದು? ಈ ಪ್ರಶ್ನೆಗಳಿಗೆ ತರಗತಿಯ ಎಲ್ಲರೂ ವಾದಿಸಿ, ಕರಿಹಲಗೆಯ ಮೇಲೆ ಕೊಠಡಿಯ ನಕ್ಷೆ ಬರೆದು, ಅಳಿಸಿ, ಮತ್ತೆ ಬರೆದು ಉತ್ತರ ಕಾಣಬೇಕಾಗಿದ್ದಿತು. ಒಬ್ಬನು ಬಾಗಿಲನ್ನು ಸರಿಸಿದರೆ ಮೇಜು ಸರಿಯುವುದು. ಮೇಜು ಸರಿದರೆ ಪಾರಾಗುವ ಹಾದಿ ಮುಚ್ಚುವುದು. ಹೀಗೆ ಪ್ರತಿಯೊಂದು ಚಲನೆಗೂ ಕಾರಣವು ದೊರೆತ ಮೇಲೆಯೇ ಕ್ಯಾಮರಾದ ಮಾತು.

ಆಗಲೂ ಚಿತ್ರಿಕೆಗಳನ್ನು ಮನಬಂದಂತೆ ಕತ್ತರಿಸುವಂತಿಲ್ಲ. ಇಡೀ ಪ್ರಸಂಗವನ್ನು ಅರ್ಥದ ತಿರುವುಗಳಿಗೆ ಅನುಸಾರವಾಗಿ ಕೆಲವು ಘಟಕಗಳನ್ನಾಗಿ ಮಾಡಬೇಕು. ಒಂದು ಘಟಕದೊಳಗಿನ ಚಿತ್ರಿಕೆಗಳೆಲ್ಲ ಬಹುಮಟ್ಟಿಗೆ ಒಂದೇ ಕಡೆಯಿಂದ ನೋಡಿದವುಗಳಾಗಿರುವುವು. ಕೆಲವು ಹತ್ತಿರದಿಂದ, ಕೆಲವು ದೂರದಿಂದ. ಕಥೆಯು ತಿರುಗಿದಾಗ ಕ್ಯಾಮರಾದ ಮುಖವೂ ತಿರುಗುವುದು. ಹೀಗೆ ಮಾಡಿದರೆ ನೋಡುವವನಿಗೆ ದಿಕ್ಕು ತಪ್ಪದು. ಅಷ್ಟೇ ಅಲ್ಲದೆ, ಸನ್ನಿವೇಶದ ಅರ್ಥವು ಬದಲಾಯಿತೆಂಬುದು ಅವನಿಗೆ ಮಾತಿಲ್ಲದೆಯೇ ತಿಳಿದುಬರುವುದು.

ಇದಕ್ಕಿಂತಲೂ ಕಠಿಣವಾದ ಅಭ್ಯಾಸವೊಂದಿದ್ದಿತು. ದಾಸ್ತೊಯೆವ್ಸ್ಕಿಯ ಕ್ರೈಮ್ ಅಂಡ್ ಪನಿಷ್ಮೆಂಟ್ ಕಾದಂಬರಿಯಲ್ಲಿ ರಸ್ಕೋಲ್ನಿಕೋವನು ಬಡ್ಡಿವ್ಯಾಪಾರದ ಮುದುಕಿಯನ್ನು ಕೊಲ್ಲುವ ಭಾಗವನ್ನು ಒಂದೇ ಚಿತ್ರಿಕೆಯಲ್ಲಿ, ಕ್ಯಾಮರಾವನ್ನು ಅಲುಗಿಸದೆ, ಎಲ್ಲಿಯೂ ಕತ್ತರಿಸದೆ ಯೋಜಿಸಬೇಕೆಂಬುದು ನಿಬಂಧನೆ. ಮೂಲದಲ್ಲಿ ಅವನು ಅಡವಿನ ಒಡವೆಯೆಂದು ಒಂದು ಗಂಟನ್ನು ಕೊಡುವನು. ಅವಳು ಬೆಳಕಿಗಾಗಿ ಕಿಟಕಿಯ ಕಡೆ ತಿರುಗಿ ದಾರವನ್ನು ಬಿಚ್ಚತೊಡಗುವಳು. ಅವನು ಕೊಡಲಿಯನ್ನು ಹೊರಗೆಳೆಯುವನು. ಸಂಕಲನವೆಂಬ ಮಹಾಸಾಧನವನ್ನು ತಾನೇ ಪ್ರತಿಪಾದಿಸಿದ ಗುರುವು ಅದನ್ನು ಶಿಷ್ಯರ ಕೈಯಿಂದ ಕಸಿದುಕೊಂಡನು. ಉದ್ದೇಶವಿಷ್ಟೆ: ಕ್ಯಾಮರಾ ನಿಂತಲ್ಲೇ ನಿಂತಿದ್ದರೂ ಪಾತ್ರವು ಮಸೂರದ ಸಮೀಪಕ್ಕೆ ಬಂದರೆ ಸಮೀಪಚಿತ್ರವು ತಾನಾಗಿ ಸಿದ್ಧಿಸುವುದು, ಹಿಂದಕ್ಕೆ ಸರಿದರೆ ದೂರಚಿತ್ರವಾಗುವುದು, ಚೌಕಟ್ಟಿನ ಅಂಚಿನಿಂದ ಹೊರಗೆ ಹೋದರೆ ಅಭಾವವೇ ಒಂದು ಮಾತಾಗುವುದು. ಚಲನೆಯನ್ನು ಕ್ಯಾಮರಾಕ್ಕೆ ಹೊರಿಸುವ ಮುನ್ನ ಮನುಷ್ಯನ ನಡೆಯಲ್ಲಿ ಎಷ್ಟು ಅಡಗಿದೆಯೆಂಬುದನ್ನು ಕಂಡುಕೊಳ್ಳಬೇಕೆಂಬುದೇ ಆ ಪಾಠದ ಸಾರ.

ಗುರುವು ತನ್ನ ಬೋಧನೆಯನ್ನು ತಾನೂ ಪಾಲಿಸಬೇಕಾದ ಕಾಲವು ಬಂದಿತು. ಎರಡನೆಯ ಮಹಾಯುದ್ಧದಲ್ಲಿ ಮಾಸ್ಕೋದ ಚಿತ್ರಾಲಯಗಳು ಮಧ್ಯ ಏಷ್ಯಾದ ಆಲ್ಮಾ ಆತಾಕ್ಕೆ ಸಾಗಿದುವು. ಅಲ್ಲಿ ಹಗಲೆಲ್ಲ ವಿದ್ಯುತ್ತು ಯುದ್ಧಸಾಮಗ್ರಿಯ ಕಾರ್ಖಾನೆಗಳಿಗೆ ಮೀಸಲು. ಆದುದರಿಂದ ಐವಾನ್ ದಿ ಟೆರಿಬಲ್ ಚಿತ್ರವನ್ನು ರಾತ್ರಿಗಳಲ್ಲಿ ತೆಗೆಯಬೇಕಾಯಿತು. ಅದಕ್ಕಾಗಿ ಐಸೆನ್‌ಸ್ಟೈನನು ನೂರಾರು ರೇಖಾಚಿತ್ರಗಳನ್ನು ಬರೆದಿದ್ದನು: ದೊರೆಯ ಕತ್ತಿನ ಬಾಗು, ಗೋಡೆಯ ಮೇಲೆ ಬೀಳಬೇಕಾದ ನೆರಳು, ಕಮಾನಿನ ಕೆಳಗೆ ತಲೆತಗ್ಗಿಸಿ ನುಗ್ಗುವ ದೇಹದ ವಕ್ರತೆ. ಆ ಚಿತ್ರದ ಎರಡನೆಯ ಭಾಗವು ಅವನ ಜೀವಮಾನದಲ್ಲಿ ಪ್ರಕಟವಾಗಲಿಲ್ಲ. ಅವನು ತೀರಿಕೊಂಡುದು 1948ರಲ್ಲಿ, ಅದು ತೆರೆಗೆ ಬಂದುದು 1958ರಲ್ಲಿ. ಅಧಿಕಾರವು ಚಿತ್ರವನ್ನು ಹತ್ತು ವರ್ಷಕ್ಕೂ ಹೆಚ್ಚು ಕಾಲ ಕತ್ತಲೆಯಲ್ಲಿಡಬಲ್ಲುದಾಯಿತು. ತರಗತಿಯಲ್ಲಿ ಬಿತ್ತಿದ ವಿಚಾರಕ್ರಮವನ್ನು ತಡೆಯಲು ಅದಕ್ಕೆ ಸಾಧ್ಯವಾಗಲಿಲ್ಲ.

ಆ ವಿಚಾರಕ್ರಮವು ಭಾರತಕ್ಕೆ ಬಂದುದು ಪುಸ್ತಕಗಳ ಮೂಲಕವೂ ಮನುಷ್ಯರ ಮೂಲಕವೂ. ಪುದೋವ್ಕಿನ್ನನು ಚಿತ್ರತಂತ್ರವನ್ನು ಕುರಿತು ಬರೆದ ಗ್ರಂಥವು 1929ರಲ್ಲಿ ಇಂಗ್ಲಿಷಿಗೆ ಬಂದು ಇಲ್ಲಿಯ ತರುಣರ ಕೈಸೇರಿತು. ಕುಲೆಷೋವನ ಆ ಶಿಷ್ಯನು 1951ರಲ್ಲಿ ತಾನೇ ಭಾರತಯಾತ್ರೆಗೆ ಬಂದನು. ಮರುವರ್ಷವೇ ಕಲಕತ್ತೆಯಲ್ಲಿ ಸತ್ಯಜಿತ್ ರಾಯರು ಪಥೇರ್ ಪಾಂಚಾಲಿಯ ಚಿತ್ರೀಕರಣಕ್ಕೆ ಕೈಹಾಕಿದರು. ಅವರು ಯಾವ ಚಿತ್ರಶಾಲೆಯಲ್ಲಿಯೂ ಓದಿದವರಲ್ಲ. ಛಾಯಾಗ್ರಾಹಕರಾದ ಸುಬ್ರತ ಮಿತ್ರರು ಅದುವರೆಗೆ ಚಲಚ್ಚಿತ್ರದ ಕ್ಯಾಮರಾವನ್ನು ನಡೆಸಿದವರಲ್ಲ. ಅವರ ಬಂಡವಾಳವೆಂದರೆ ರಾಯರು ಮಸಿಯಲ್ಲಿ ಬರೆದಿಟ್ಟ ಚಿತ್ರಿಕೆಗಳ ಪುಸ್ತಕ. ಬಯಲಿನ ಕಾಶಹೂಗಳ ದೃಶ್ಯವನ್ನು ಒಂದು ದಿನ ಅರ್ಧ ತೆಗೆದು ಮುಂದಿನ ವಾರ ಹೋದಾಗ ದನಗಳು ಹೂಗಳನ್ನೆಲ್ಲ ಮೇದುಬಿಟ್ಟಿದ್ದುವು. ಮತ್ತೆ ಹೂ ಬಿಡುವ ಕಾಲದವರೆಗೆ ಕಾಯಬೇಕಾಯಿತು. ಅಷ್ಟು ಅಂತರದ ಮೇಲೆಯೂ ದೃಶ್ಯವು ಒಡೆಯದೆ ಉಳಿದುದಕ್ಕೆ, ಏನು ಬೇಕೆಂಬುದು ಮೊದಲೇ ಮನಸ್ಸಿನಲ್ಲಿ ನೆಲೆನಿಂತಿದ್ದುದೇ ಕಾರಣ.

1960ರಲ್ಲಿ ಪುಣೆಯಲ್ಲಿ, ಹಿಂದೆ ಪ್ರಭಾತ್ ಸಂಸ್ಥೆಯ ಚಿತ್ರಾಲಯವಿದ್ದ ಜಾಗದಲ್ಲಿ, ಭಾರತ ಸರಕಾರದ ಚಲಚ್ಚಿತ್ರ ವಿದ್ಯಾಲಯವು ಆರಂಭವಾಯಿತು. ಆ ದಶಕದ ನಡುವಿನಲ್ಲಿ ಅಲ್ಲಿ ಪಾಠ ಹೇಳಿದ ಋತ್ವಿಕ್ ಘಟಕರು ಐಸೆನ್‌ಸ್ಟೈನನ ಕೃತಿಗಳಲ್ಲಿ ಅಪಾರವಾದ ಗೌರವವುಳ್ಳವರು. ಅವರ ಶಿಷ್ಯರಾದ ಮಣಿ ಕೌಲರು ಉಸ್ಕಿ ರೋಟಿ ಎಂಬ ತಮ್ಮ ಮೊದಲ ಚಿತ್ರವನ್ನು 28 ಮತ್ತು 135 ಮಿಲಿಮೀಟರಿನ ಎರಡೇ ಮಸೂರಗಳಿಂದ ಯೋಜಿಸಿಕೊಂಡರು. ಆಯ್ಕೆಯನ್ನು ತಾವಾಗಿಯೇ ಕಿರಿದು ಮಾಡಿಕೊಂಡು ದೃಷ್ಟಿಯನ್ನು ಹರಿತಗೊಳಿಸುವ ಈ ಕ್ರಮಕ್ಕೂ ರಸ್ಕೋಲ್ನಿಕೋವನ ಅಭ್ಯಾಸಕ್ಕೂ ಸಂಬಂಧವು ಸ್ಪಷ್ಟವಾಗಿದೆ.

ಕನ್ನಡದ ಪಾಲು ಇಲ್ಲಿಂದ ಮೊದಲಾಗುವುದು. ತೀರ್ಥಹಳ್ಳಿಯ ಸೀಮೆಯಿಂದ ಪುಣೆಗೆ ಹೋದ ಗಿರೀಶ ಕಾಸರವಳ್ಳಿಯವರು 1975ರಲ್ಲಿ ರಚಿಸಿದ ಅವಶೇಷ್ ಎಂಬ ವಿದ್ಯಾರ್ಥಿಚಿತ್ರವು ರಾಷ್ಟ್ರಪ್ರಶಸ್ತಿಯನ್ನು ಪಡೆಯಿತು. ಎರಡು ವರ್ಷಗಳಲ್ಲಿಯೇ ಯು. ಆರ್. ಅನಂತಮೂರ್ತಿಯವರ ಕಥೆಯನ್ನು ಆಧರಿಸಿ ಅವರು ನಿರ್ದೇಶಿಸಿದ ಘಟಶ್ರಾದ್ಧವು ಸ್ವರ್ಣಕಮಲಕ್ಕೆ ಪಾತ್ರವಾಯಿತು. ತರುಣಿ ವಿಧವೆಯೊಬ್ಬಳನ್ನು ಸಮಾಜವು ಬದುಕಿರುವಾಗಲೇ ಸತ್ತವಳೆಂದು ಎಣಿಸಿ ಹೊರಗಿಡುವ ಆ ಕಥೆಯನ್ನು, ವೇದಪಾಠಕ್ಕೆಂದು ಬಂದ ಬಾಲಕನೊಬ್ಬನ ಕಣ್ಣಿನಿಂದ ಕಾಣಿಸಲಾಗಿದೆ. ಹಿರಿಯರ ನಿಲುವಿನಿಂದ ನೋಡಿದ್ದರೆ ಅದು ಒಂದು ತೀರ್ಪಾಗುತ್ತಿದ್ದಿತು; ಬಾಲಕನ ಬಳಿ ನಿಂತು ನೋಡಿದುದರಿಂದ ಅದು ದುಃಖವಾಯಿತು. ಕ್ಯಾಮರಾ ಎಲ್ಲಿ ನಿಲ್ಲಬೇಕೆಂಬುದು ಕೇವಲ ಯಂತ್ರಜ್ಞನ ಪ್ರಶ್ನೆಯಲ್ಲ, ಯಾರ ಪಕ್ಕದಲ್ಲಿ ನಿಲ್ಲಬೇಕೆಂಬ ಧರ್ಮದ ಪ್ರಶ್ನೆಯೂ ಹೌದೆಂಬುದಕ್ಕೆ ಇದಕ್ಕಿಂತ ಸಮೀಪದ ಉದಾಹರಣೆಯು ಬೇಕಾಗಿಲ್ಲ.

ಇತ್ತೀಚಿನ ನಿದರ್ಶನವೂ ಒಂದಿದೆ. ಸೂರ್ಯಕಾಂತಿಗಳೇ ಮೊದಲು ಅರಿತುವು ಎಂಬರ್ಥದ ಹೆಸರುಳ್ಳ ಕನ್ನಡ ಕಿರುಚಿತ್ರವು 2024ರಲ್ಲಿ ಫ್ರಾನ್ಸಿನ ಕಾನ್ ಚಿತ್ರೋತ್ಸವದ ವಿದ್ಯಾರ್ಥಿ ವಿಭಾಗದಲ್ಲಿ ಪ್ರಥಮ ಬಹುಮಾನವನ್ನು ಗಳಿಸಿತು. ಮೈಸೂರಿನ ಚಿದಾನಂದ ನಾಯ್ಕರು ಪುಣೆಯ ವಿದ್ಯಾಲಯದ ಒಂದು ವರ್ಷದ ಶಿಕ್ಷಣದ ಕೊನೆಯಲ್ಲಿ ರಚಿಸಿದ ಚಿತ್ರವದು. ಮುದುಕಿಯೊಬ್ಬಳು ಊರಿನ ಹುಂಜವನ್ನು ಕದ್ದುದರಿಂದ ಬೆಳಗಾಗುವುದೇ ನಿಂತುಹೋಯಿತೆಂಬ ಜನಪದ ಕಥೆಯೇ ಅದರ ವಸ್ತು. ಕಥೆಯಲ್ಲಿ ಸೂರ್ಯನೇ ಹುಟ್ಟದ ಮೇಲೆ ಚಿತ್ರವನ್ನು ರಾತ್ರಿಯಲ್ಲಿಯೇ ತೆಗೆಯಬೇಕು. ಅವರಿಗೆ ದೊರೆತುದು ನಾಲ್ಕು ದಿನಗಳು. ಫಿಲ್ಮಿನ ಅಭಾವವು ಕಳೆದಿದ್ದರೂ ಕಾಲದ ಅಭಾವವು ಕಳೆದಿರಲಿಲ್ಲ.

ಈಗ ಕ್ಯಾಮರಾವು ಪ್ರತಿಯೊಬ್ಬರ ಜೇಬಿನಲ್ಲಿಯೂ ಇದೆ. ಅಡಿಗೆ ಇಷ್ಟೆಂದು ಬೆಲೆ ತೆರುವ ಕಾಲವು ಹೋಗಿ, ಸಾಲದೆಂದರೆ ಅಳಿಸಿ ಮತ್ತೆ ತೆಗೆಯುವ ಕಾಲವು ಬಂದಿದೆ. ಇಂತಹ ಸಮೃದ್ಧಿಯಲ್ಲಿ ಹಳೆಯ ಪಾಠಕ್ಕೆ ಪ್ರಯೋಜನವೇನೆಂದು ಕೇಳುವವರಿದ್ದಾರೆ. ಎಲ್ಲ ಕಡೆಯಿಂದಲೂ ತೆಗೆದುಕೊಂಡು, ಬೇಕಾದುದನ್ನು ಆಮೇಲೆ ಆರಿಸಿದರಾಯಿತು ಎನ್ನುವರು. ಈ ವಾದದಲ್ಲಿ ಸತ್ಯಾಂಶವಿಲ್ಲದಿಲ್ಲ. ಯೋಜನೆಯು ಸಂಕೋಲೆಯಾದರೆ ಚಿತ್ರವು ಜೀವ ಕಳೆದುಕೊಳ್ಳುವುದು. ಬೀಸಿದ ಗಾಳಿ, ಸುರಿದ ಮಳೆ, ನಟನ ಮುಖದಲ್ಲಿ ತಾನಾಗಿ ಮೂಡಿದ ಭಾವ, ಇವು ಯಾವ ಪಟ್ಟಿಯಲ್ಲಿಯೂ ಬರೆದಿರುವುದಿಲ್ಲ. ಆದರೆ ಬಂದ ಭಾಗ್ಯವನ್ನು ಗುರುತಿಸುವುದಕ್ಕಾದರೂ ಏನನ್ನು ಅರಸುತ್ತಿದ್ದೇವೆಂಬ ಅರಿವು ಬೇಕು. ಎಲ್ಲ ಕಡೆಯಿಂದಲೂ ನೋಡಿದವನು ಒಂದು ಕಡೆಯಿಂದಲೂ ನೋಡಿದಂತಾಗದಿರಬಹುದು.

ಮಾಸ್ಕೋದ ಆ ತರುಣರು ಅನಿವಾರ್ಯತೆಯಿಂದ ಕಲಿತುದನ್ನು ಈಗಿನ ವಿದ್ಯಾರ್ಥಿಯು ಸ್ವಇಚ್ಛೆಯಿಂದ ಕಲಿಯಬೇಕಾಗಿದೆ. ಇದು ಹೆಚ್ಚು ಕಷ್ಟದ ಕೆಲಸ. ಬರಗಾಲವು ಹೊರಗಿನಿಂದ ಬಂದಾಗ ಅದು ತಾನೇ ಗುರುವಾಗುವುದು. ಸಮೃದ್ಧಿಯಲ್ಲಿ ಮನುಷ್ಯನು ತನಗೆ ತಾನೇ ಗುರುವಾಗಬೇಕು. ಕೊಠಡಿಯ ನಕ್ಷೆಯೊಂದು, ಬಾಗಿಲೊಂದು, ಅದರಿಂದ ಒಳಬರುವ ಮನುಷ್ಯನೊಬ್ಬ. ಅವನು ಏಕೆ ಬಂದನೆಂಬುದು ತಿಳಿಯುವವರೆಗೆ ಕ್ಯಾಮರಾವನ್ನು ಮುಟ್ಟದಿರುವ ತಾಳ್ಮೆ. ಇಷ್ಟಕ್ಕೆ 1919ರಲ್ಲಿ ಫಿಲ್ಮು ಬೇಕಾಗಿರಲಿಲ್ಲ, ಇಂದಿಗೂ ಬೇಕಾಗಿಲ್ಲ.